ಶಿಕ್ಕಾದ ಮೇಲಿನ ತಾರೀಖು

ನಮ್ಮ ಸಂಘದ ಈ ಮಾಸಪತ್ರಿಕೆ ತಡವಾಗಿ ಬರುತ್ತದೆಂಬುದು ಸದಸ್ಯರೆಲ್ಲರ ಬಹುಕಾಲದ ದೂರು. ಯುಗಾದಿಯ ಸಂಚಿಕೆ ರಾಮನವಮಿಯ ಪಾನಕ ಕುಡಿದಾದ ಮೇಲೆ ಕೈಸೇರುತ್ತದೆ; ದೀಪಾವಳಿಯದು ತುಳಸೀ ಲಗ್ನಕ್ಕೆ ಸರಿಯಾಗಿ ಬಂದರೆ ನಮ್ಮ ಪುಣ್ಯ. ಕಳೆದ ವಾರ್ಷಿಕ ಸಭೆಯಲ್ಲಿ ಮಣಿನಗರದ ಹಿರಿಯರೊಬ್ಬರು ಎದ್ದು ನಿಂತು ಈ ಮಾತನ್ನು ಸ್ವಲ್ಪ ಖಾರವಾಗಿಯೇ ಎತ್ತಿದರು. ಸಂಪಾದಕರು ಸಮಾಧಾನದಿಂದ, "ನಾವು ಗೊತ್ತಾದ ದಿನವೇ ಟಪಾಲಿಗೆ ಹಾಕಿದ್ದೇವೆ. ಬೇಕಾದರೆ ಹೊದಿಕೆಯ ಮೇಲಿನ ಶಿಕ್ಕಾ ನೋಡಿರಿ" ಎಂದರು. ಹಿರಿಯರು ಅದಕ್ಕೂ ಸಿದ್ಧರಾಗಿಯೇ ಬಂದಿದ್ದರು. ಜೇಬಿನಿಂದ ಮಡಿಸಿಟ್ಟ ಹೊದಿಕೆ ಹೊರಬಂತು. ಶಿಕ್ಕಾ ಇತ್ತು. ತಾರೀಖಿನ ಜಾಗದಲ್ಲಿ ಮಾತ್ರ ಒಂದು ಕಪ್ಪು ಕಲೆ. ಅದು ಮೂರೋ ಎಂಟೋ ಎಂದು ಹತ್ತು ನಿಮಿಷ ವಾದ ನಡೆದು, ಕೊನೆಗೆ ಉಪ್ಪಿಟ್ಟು ಆರಿ ಹೋಗುತ್ತದೆಂದು ಯಾರೋ ಕೂಗಿದ್ದರಿಂದ ಸಭೆ ಮುಗಿಯಿತು.

ನಾನು ಹಿಂದಿನ ಸಾಲಿನಲ್ಲಿ ಕುಳಿತು ಬಾಯಿ ಬಿಡಲಿಲ್ಲ. ಶಿಕ್ಕಾದ ವಿಷಯ ಬಂದಾಗ ನಾನು ಸುಮ್ಮನಿರುವುದೇ ಮೇಲು. ಏಕೆಂಬುದನ್ನು ಹೇಳಲೆಂದೇ ಈ ಲೇಖನ. "ಇಂಥದನ್ನೆಲ್ಲ ಯಾಕ ಬರೀತೀರಿ, ನೌಕರೀ ಮಾಡೋ ಮನುಷ್ಯಾ" ಎಂದು ಮನೆಯಾಕೆ ಅಡ್ಡಿ ಮಾಡಿದಳು. ಕಚೇರಿಯಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ ಎಂದು ಅವಳಿಗೆ ಧೈರ್ಯ ಹೇಳಿದ್ದೇನೆ.

ನಾನು ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಅಂಚೆ ಇಲಾಖೆಯವನಲ್ಲ. ಆದರೆ ಸೇವೆಯ ಬಹುಭಾಗ ಆವಕ-ಜಾವಕ ಮೇಜಿನಲ್ಲೇ ಕಳೆದಿದೆ. 2004ರಲ್ಲಿ ಸೂರತ್ತಿಗೆ ಬಂದೆ, 2010ರಲ್ಲಿ ವಡೋದರಾ, 2017ರಿಂದ ಅಹಮದಾಬಾದು. ಮೂರೂ ಊರುಗಳಲ್ಲಿ ನನ್ನ ಮುಂದೆ ಇದ್ದದ್ದು ಅದೇ ಉದ್ದನೆಯ ರಜಿಸ್ಟರು, ಅದೇ ಮಸಿಯ ಪ್ಯಾಡು, ಅದೇ ತಾರೀಖಿನ ರಬ್ಬರ್ ಶಿಕ್ಕಾ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಪಡೆದ ಬಿ.ಎಸ್‌ಸಿ. ಪದವಿ ಪ್ಯಾಡಿಗೆ ಎಷ್ಟು ಹನಿ ಮಸಿ ಬಿಡಬೇಕೆಂಬ ಲೆಕ್ಕಕ್ಕೆ ಉಪಯೋಗವಾಗಿದೆ. ಬಂದ ಹೊಸತರಲ್ಲಿ ನನಗೆ ಸಂತೋಷ ಕೊಟ್ಟ ಒಂದು ಸಂಗತಿಯೆಂದರೆ, 'ಆವಕ-ಜಾವಕ' ಎಂಬ ಮಾತು ಗುಜರಾತಿಯಲ್ಲೂ ಅದೇ. ನಾವು 'ಶಿಕ್ಕಾ' ಅನ್ನುವುದನ್ನು ಇವರು 'ಸಿಕ್ಕೋ' ಅನ್ನುತ್ತಾರೆ. ಭಾಷೆ ಬಾರದಿದ್ದರೂ ಕೆಲಸ ಮೊದಲ ದಿನವೇ ಬಂತು. ಆಗ ಖಾನಾಪುರದ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಎಲ್ಲರ ಬಾಯಲ್ಲಿತ್ತು. ನಾನು ಕರ್ನಾಟಕದವನೆಂದು ತಿಳಿದ ಕೂಡಲೇ ಹಿರಿಯ ಸಹೋದ್ಯೋಗಿಯೊಬ್ಬರು, "ಭಾಯಿ, ಶಿಕ್ಕಾ ಪೆಟ್ಟಿಗೆಯ ಬೀಗದ ಕೈ ಇವನಿಗೆ ಕೊಡಬೇಡಿ" ಎಂದು ನಗಾಡಿದರು. ನಾನೂ ನಕ್ಕೆ. ಮುಂದೆ ಆ ಮಾತು ನೆನಪಾದಾಗ ನಗು ಬರಲಿಲ್ಲ.

ಅಂಚೆಯ ಶಿಕ್ಕಾ ಹುಟ್ಟಿದ್ದೇ ಅಪನಂಬಿಕೆಯಿಂದ. 1661ರಲ್ಲಿ ಇಂಗ್ಲೆಂಡಿನ ಅಂಚೆಯ ಮುಖ್ಯಸ್ಥನಾಗಿದ್ದ ಹೆನ್ರಿ ಬಿಷಪ್ ಎಂಬಾತನಿಗೆ ಪತ್ರಗಳು ತಡವಾಗುತ್ತವೆಂದು ಜನರಿಂದ ದೂರು ಬರುತ್ತಿದ್ದವು. ಹಂಚುವವರು ಪತ್ರಗಳನ್ನು ಇಟ್ಟುಕೊಂಡು ಕೂರುತ್ತಾರೆಂಬ ಅನುಮಾನ. ಅವನು ಒಂದು ಸಣ್ಣ ಗುಂಡನೆಯ ಮುದ್ರೆ ಮಾಡಿಸಿ, ಪತ್ರ ಕಚೇರಿಗೆ ಬಂದ ದಿನ ಮತ್ತು ತಿಂಗಳನ್ನು ಪ್ರತಿಯೊಂದರ ಮೇಲೂ ಒತ್ತಿಸತೊಡಗಿದ. ಊರಿನ ಹೆಸರಿಲ್ಲ, ಅಲಂಕಾರವಿಲ್ಲ, ಬರೀ ತಾರೀಖು. ನಮ್ಮ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆಯ ವ್ಯವಸ್ಥೆ ಮಾಡಿದ್ದು ಅದೇ ಶತಮಾನದಲ್ಲಿ. ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಹಿಂದೂಸ್ಥಾನದ ಅಂಚೆಯೊಂದಿಗೆ ಸೇರಿಹೋಯಿತು; 'ಅಂಚೆ' ಎಂಬ ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ.

ಅಂಚೆ ಕಚೇರಿಯ ಶಿಕ್ಕಾ ನಮ್ಮ ರಬ್ಬರಿನ ಶಿಕ್ಕಾದಂತಲ್ಲ. ಅದು ಲೋಹದ್ದು. ದಿನ, ತಿಂಗಳು, ವರ್ಷಗಳ ಮೊಳೆಗಳನ್ನು ಬೆಳಿಗ್ಗೆ ಕೈಯಿಂದ ಬದಲಿಸಿ, ಮೊದಲು ಒಂದು ಪುಸ್ತಕದಲ್ಲಿ ಒತ್ತಿ, ಸರಿಯಾಗಿದೆಯೆಂದು ನೋಡಿಕೊಂಡ ಮೇಲೆ ಟಪಾಲಿನ ಮೇಲೆ ಒತ್ತಬೇಕು. ಮೊಳೆ ಬದಲಿಸುವ ಕೈ ಮುಂದಕ್ಕೆ ಬದಲಿಸಬಲ್ಲದಾದರೆ ಹಿಂದಕ್ಕೂ ಬದಲಿಸಬಲ್ಲದಲ್ಲವೇ? ಇದು 1898ರ ಭಾರತೀಯ ಅಂಚೆ ಕಾಯಿದೆ ಮಾಡಿದವರಿಗೆ ಚೆನ್ನಾಗಿ ತಿಳಿದಿತ್ತು. ಅದರ 54ನೆಯ ಕಲಮು ಇದಕ್ಕೆಂದೇ ಇತ್ತು. ಅಂಚೆಯ ನೌಕರನು ಕಪಟದಿಂದ ಯಾವುದೇ ಟಪಾಲಿನ ಮೇಲೆ ತಪ್ಪು ಅಧಿಕೃತ ಗುರುತನ್ನು ಹಾಕಿದರೆ, ಅಥವಾ ಇದ್ದ ಗುರುತನ್ನು ತಿದ್ದಿದರೆ, ಅಳಿಸಿದರೆ, ಎರಡು ವರ್ಷದವರೆಗೆ ಕಾರಾಗೃಹ, ಜೊತೆಗೆ ದಂಡ.

ಒಂದು ಗುಂಡನೆಯ ಕಲೆಗೆ ಇಷ್ಟು ಘೋರ ಶಿಕ್ಷೆಯೇ ಎನ್ನುವಿರೇನೋ. ಆದರೆ ಅದರ ಮೇಲೆ ಏನೆಲ್ಲ ನಿಂತಿದೆ ನೋಡಿರಿ. 1872ರ ಕರಾರು ಕಾಯಿದೆಯಲ್ಲಿ, ಒಬ್ಬನ ಪ್ರಸ್ತಾವಕ್ಕೆ ಇನ್ನೊಬ್ಬ ಒಪ್ಪಿಗೆಯ ಪತ್ರ ಬರೆದು ಟಪಾಲಿಗೆ ಹಾಕಿದ ಕ್ಷಣವೇ ಪ್ರಸ್ತಾವ ಮಾಡಿದವನು ಆ ಒಪ್ಪಿಗೆಗೆ ಕಟ್ಟುಬೀಳುತ್ತಾನೆ. ಪತ್ರ ಅವನ ಕೈಸೇರುವವರೆಗೆ ಕಾಯಬೇಕಿಲ್ಲ. ಇದರ ಮೇಲೆ ನಮ್ಮ ಅಹಮದಾಬಾದಿನದೇ ಒಂದು ಪ್ರಸಿದ್ಧ ಮೊಕದ್ದಮೆ ಇದೆ. ಇಲ್ಲಿಯ ವ್ಯಾಪಾರಿಗಳು ವಿದರ್ಭದ ಖಾಮಗಾಂವದ ಒಂದು ಗಿರಣಿಯಿಂದ ಹತ್ತಿಕಾಳಿನ ಹಿಂಡಿ ಕೊಳ್ಳಲು ಟೆಲಿಫೋನಿನಲ್ಲಿ ಮಾತಾಡಿ ಸೌದಾ ಮುಗಿಸಿದರು. ಮಾಲು ಬರಲಿಲ್ಲ, ಇಲ್ಲಿಯ ಕೋರ್ಟಿನಲ್ಲಿ ದಾವೆ ಹೂಡಿದರು. ಟಪಾಲಿನ ನಿಯಮವನ್ನೇ ಟೆಲಿಫೋನಿಗೂ ಹಚ್ಚಿದರೆ ಕರಾರು ಖಾಮಗಾಂವದಲ್ಲಿ ಆದಂತಾಗುತ್ತದೆ, ಅಹಮದಾಬಾದಿಗೆ ಅಧಿಕಾರವಿಲ್ಲ ಎಂದು ಗಿರಣಿಯವರ ವಾದ. 1965ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಬಂತು: ಟಪಾಲಿನ ನಿಯಮ ಟಪಾಲಿಗೆ, ಟೆಲಿಫೋನಿನಲ್ಲಿ ಒಪ್ಪಿಗೆ ಕೇಳಿಸಿದ ಜಾಗದಲ್ಲೇ ಕರಾರು. ಅಹಮದಾಬಾದಿನವರು ಗೆದ್ದರು. ವಕೀಲಿ ಓದುವ ಹುಡುಗರು ಇಂದಿಗೂ ಇದನ್ನು ಕಂಠಪಾಠ ಮಾಡುತ್ತಾರೆ. ನನಗೆ ಇದರಲ್ಲಿ ಹಿಡಿಸಿದ್ದು ಬೇರೆ. ಡಬ್ಬಿಗೆ ಹಾಕಿದ ಕ್ಷಣವೇ ಕರಾರು ಎಂದ ಮೇಲೆ, ಆ ಕ್ಷಣಕ್ಕೆ ಸಾಕ್ಷಿ ಯಾರು? ಡಬ್ಬಿಯ ಮುಂದೆ ಯಾರೂ ನಿಂತಿರುವುದಿಲ್ಲ. ಶಿಕ್ಕಾ ಒಂದೇ ಸಾಕ್ಷಿ.

ಆ ಸಾಕ್ಷಿಯನ್ನು ಕೋರ್ಟುಗಳೂ ಪೂರ್ಣ ನಂಬಿಲ್ಲ. 'ಪೋಸ್ಟ್ ಮಾಡಿದ ಪ್ರಮಾಣಪತ್ರ' ಎಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ವಿಳಾಸ ಬರೆದ ಒಂದು ಚೀಟಿಗೆ ಸ್ವಲ್ಪ ಬೆಲೆಯ ಅಂಚೆ ಚೀಟಿ ಹಚ್ಚಿ ಕೊಟ್ಟರೆ ಶಿಕ್ಕಾ ಒತ್ತಿ ಮರಳಿ ಕೊಡುತ್ತಿದ್ದರು. ಕಚೇರಿಯಲ್ಲಿ ಅದರ ದಾಖಲೆ ಉಳಿಯುತ್ತಿರಲಿಲ್ಲ. ಇಂಥ ಪತ್ರದಿಂದ ಟಪಾಲು ತಲುಪಿತೆಂದು ಊಹಿಸಬಹುದು, ಊಹಿಸಲೇಬೇಕೆಂದಿಲ್ಲ ಎಂದು 1981ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1994ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಗಿ, ಅಂಥ ಶಿಕ್ಕಾಗಳನ್ನು ಯಾವಾಗ ಬೇಕಾದರೂ ಪಡೆಯುವುದು ಕಷ್ಟವಲ್ಲ, ಆದ್ದರಿಂದ ಅದನ್ನು ನೆಚ್ಚಲಾರೆವು ಎಂಬ ಅರ್ಥದ ಮಾತು ಬಂತು. 2011ರಲ್ಲಿ ಆ ಸೌಲಭ್ಯವನ್ನೇ ನಿಲ್ಲಿಸಿದರು. ದೇಶದ ಅತಿ ದೊಡ್ಡ ಕೋರ್ಟು ಬಹಿರಂಗವಾಗಿ ಆಡಿದ ಈ ಮಾತು ನಮ್ಮೂರಿನ ಕಟ್ಟೆಯ ಮೇಲೆ ಎಲ್ಲರಿಗೂ ಮೊದಲೇ ಗೊತ್ತಿತ್ತು.

ನಮ್ಮೂರಿನ ಮಾತಿಗೆ ಬಂದೆ. 2002ರ ಜೂನ್ ತಿಂಗಳು. ನನಗೆ ಇಪ್ಪತ್ತೆರಡು. ಪದವಿ ಮುಗಿಸಿ ವರ್ಷವಾಗಿತ್ತು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಹಾಯಕನ ಹುದ್ದೆಗೆ ಅರ್ಜಿ ಹಾಕಿದ್ದೆ. ಬಿ.ಎಸ್‌ಸಿ. ಓದಿದ್ದಕ್ಕೆ ನಿಜವಾಗಿ ಸಲ್ಲುವ ಕೆಲಸ ಅದೊಂದೇ ಬಂದದ್ದು ನನ್ನ ಜೀವನದಲ್ಲಿ. ಸಂದರ್ಶನ ಜೂನ್ 20, ಗುರುವಾರ. ಆ ಪತ್ರ ನನ್ನ ಕೈಗೆ ಬಂದದ್ದು ಜೂನ್ 22, ಶನಿವಾರ ಸಂಜೆ. ಲಕೋಟೆ ತಿರುವಿ ನೋಡಿದೆ. ತಾಲೂಕಿನ ಶಿಕ್ಕಾ 15. ನಮ್ಮೂರಿನ ಶಿಕ್ಕಾ 17. ಎಷ್ಟು ಸ್ಪಷ್ಟವಾಗಿ ಒತ್ತಿದ್ದರೆಂದರೆ, ನಮ್ಮೂರಿನ ಶಿಕ್ಕಾ ಅಷ್ಟು ಅಂದವಾಗಿ ಮೂಡಿದ್ದನ್ನು ನಾನು ಅದಕ್ಕೆ ಮೊದಲೂ ಆಮೇಲೂ ಕಂಡಿಲ್ಲ.

ನಡೆದದ್ದು ಇಷ್ಟೆ. ಆ ವಾರ ಮಳೆ ಚೆನ್ನಾಗಿ ಬಿದ್ದಿತ್ತು. ಊರೆಲ್ಲ ಬಿತ್ತನೆಗೆ ಹೋಗಿತ್ತು. ನಮ್ಮ ಟಪಾಲು ಮಾಸ್ತರರಿಗೂ ನಾಲ್ಕು ಎಕರೆ ಹೊಲ. ಚೀಲ ತರುವವರೂ ಅವರೇ, ಶಿಕ್ಕಾ ಒತ್ತುವವರೂ ಅವರೇ, ಮನೆಮನೆಗೆ ಹಂಚುವವರೂ ಅವರೇ. ಕಚೇರಿಯೆಂದರೆ ಅವರ ಮನೆಯ ಪಡಸಾಲೆ. ಐದು ದಿನ ಕೂರಿಗೆಯ ಹಿಂದೆ ನಡೆದು, ಬಿತ್ತನೆ ಮುಗಿದ ಮೇಲೆ ಬಂದು, ಚೀಲ ಬಿಚ್ಚಿ, ಮೊಳೆ ಹಿಂದಕ್ಕೆ ತಿರುಗಿಸಿ ಎಲ್ಲದರ ಮೇಲೂ 17 ಎಂದು ಒತ್ತಿದರು. ಅವರಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ನಾನು ಅವರನ್ನು ಕಾಕಾ ಎನ್ನುತ್ತಿದ್ದವನು.

ಸಿಟ್ಟಿನಿಂದ ಅರ್ಜಿ ಬರೆಯಲು ಕುಳಿತೆ. ಬರೆಯುತ್ತ ಬರೆಯುತ್ತ ಒಂದು ಸಂಗತಿ ಹೊಳೆದು ಕೈ ನಿಂತಿತು. ನನ್ನ ಕೈಯಲ್ಲಿದ್ದ ಒಂದೇ ಪುರಾವೆ ಆ ಲಕೋಟೆ, ಮತ್ತು ಆ ಲಕೋಟೆ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು! ಹದಿನೇಳಕ್ಕೇ ಕೊಟ್ಟೆ, ಹುಡುಗ ಹೋಗಲಿಲ್ಲ ಎಂದರೆ ಮುಗಿಯಿತು. ಅಪ್ಪ ದನಕ್ಕೆ ನೀರು ಕುಡಿಸಿ ಬಂದು ನನ್ನ ಹಿಂದೆ ನಿಂತರು. "ಹ್ವಾದದ್ದು ಹೋತು. ಅವಂಗ ಸರಕಾರ ಎಷ್ಟ ಪಗಾರ ಕೊಡತೈತಿ ಗೊತ್ತೈತೇನು? ನೀ ಒಂದ ಅರ್ಜಿ ಗುಜರಾಯಿಸಿದಿ ಅಂದ್ರ ಅವನ ಮನ್ಯಾಗ ಒಲಿ ಹತ್ತೂದಿಲ್ಲ. ಮಳಿ ಬಂದ್ರ ನಾವೂ ಬಿತ್ತಾಕ ಹೋಗಲಿಲ್ಲೇನು?" ಎಂದರು. ನಾನು ಅರ್ಜಿ ಹರಿದೆ. ಲಕೋಟೆಯನ್ನು ಮಾತ್ರ ಇಟ್ಟುಕೊಂಡೆ. ಎರಡು ವರ್ಷದ ನಂತರ ಪರೀಕ್ಷೆ ಬರೆದು ಈ ಗುಮಾಸ್ತಿಕೆ ಸಿಕ್ಕು, ಸೂರತ್ತಿನ ರೈಲು ಹತ್ತಿದಾಗ ಅದು ನನ್ನ ಟ್ರಂಕಿನ ತಳದಲ್ಲಿತ್ತು.

ಸೂರತ್ತಿನಲ್ಲಿ ತಡವೆಂಬುದರ ಇನ್ನೊಂದು ಮುಖ ನೋಡಿದೆ. 2006ರ ಆಗಸ್ಟಿನಲ್ಲಿ ಉಕಾಯಿ ಜಲಾಶಯದಿಂದ ನೀರು ಬಿಟ್ಟು ತಾಪಿ ಊರೊಳಗೆ ಬಂದಾಗ, ವಾರಗಟ್ಟಲೆ ಕಾಗದಪತ್ರಗಳು ಕೆಸರಿನಲ್ಲಿ ನೆಂದು ಬಂದವು. ಮಸಿ ಹರಡಿ ಶಿಕ್ಕಾ ಯಾವುದು ವಿಳಾಸ ಯಾವುದು ತಿಳಿಯದು. ನಮ್ಮ ಸಾಹೇಬರು ಒಂದೇ ಮಾತು ಹೇಳಿದರು: ಎಲ್ಲವನ್ನೂ ತೆಗೆದುಕೊಳ್ಳಿ, 'ಪ್ರವಾಹದಿಂದ ತಡ' ಎಂದು ಬರೆಯಿರಿ. ತಡವಾದುದನ್ನು ತಡ ಎಂದು ಬರೆದರೆ ಯಾರಿಗೂ ಏನೂ ಆಗುವುದಿಲ್ಲವೆಂದು ಅಂದು ಕಂಡೆ. ಅದೇ ಊರಿನ ಮಹಿಧರಪುರಾದ ಓಣಿಗಳಲ್ಲಿ ವಜ್ರದ ಪೊಟ್ಟಣಗಳನ್ನು ಆಂಗಡಿಯಾಗಳು ಮುಂಬಯಿಗೆ ಒಯ್ಯುವುದನ್ನೂ ನೋಡಿದ್ದೇನೆ. ಶಿಕ್ಕಾ ಇಲ್ಲ, ಕಾಯಿದೆಯ ಕಲಮು ಇಲ್ಲ. ಒಂದು ಚೀಟಿ, ಒಂದು ಮಾತು. ಮಾತು ತಪ್ಪಿದವನಿಗೆ ಆ ಬಜಾರಿನಲ್ಲಿ ಮರುದಿನ ಯಾರೂ ಪೊಟ್ಟಣ ಕೊಡುವುದಿಲ್ಲ. ಗುಮಾಸ್ತರ ಲೋಕಕ್ಕೆ ಈ ಶಿಕ್ಷೆ ಹೊಂದುವುದಿಲ್ಲ. ನಮ್ಮ ಮೇಜಿಗೆ ಮರುದಿನವೂ ಟಪಾಲು ಬಂದೇ ಬರುತ್ತದೆ.

ಇನ್ನು ವಡೋದರಾದ್ದು. 2013ರ ಜುಲೈ 15, ಸೋಮವಾರ. ತಾರೀಖು ಮರೆಯುವಂತಿಲ್ಲ, ಹಿಂದಿನ ರಾತ್ರಿ ದೇಶದ ತಂತಿ ಸೇವೆ ಮುಗಿದು, ಪತ್ರಿಕೆಗಳ ತುಂಬ ತಂತಿಯ ಸುದ್ದಿಯೇ ಇತ್ತು. ನಮ್ಮ ಕಚೇರಿಯಲ್ಲಿ ಎರಡು ಚಾಲಕ ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಕಡೆಯ ದಿನ ಹಿಂದಿನ ಶುಕ್ರವಾರ. ಸೋಮವಾರ ಬೆಳಿಗ್ಗೆ ನಮ್ಮ ಸಂಘದ ಒಬ್ಬರು, ಮನೆಯವರಂತೆಯೇ ಇದ್ದವರು, ತಮ್ಮ ಹೆಂಡತಿಯ ತಮ್ಮನ ಅರ್ಜಿ ಹಿಡಿದು ಬಂದರು. ಹುಡುಗ ಊರಿಂದ ಬರುವಾಗ ರೈಲು ತಪ್ಪಿತಂತೆ. "ಅಣ್ಣಾರ, ನಿಮ್ಮ ಕೈಯಾಗ ಐತಿ. ಒಂದ ಶುಕ್ರವಾರ ಹೊಡದಬಿಡ್ರಿ" ಎಂದರು. ಯುಗಾದಿಗೆ ಅವರ ಮನೆಯಲ್ಲಿ ಹೋಳಿಗೆ ಉಂಡವನು ನಾನು. ಸುತ್ತ ನೋಡಿದೆ, ಸಹೋದ್ಯೋಗಿಗಳು ತಂತಿಯ ಬಗ್ಗೆ ಹರಟುತ್ತಿದ್ದರು. ಶಿಕ್ಕಾದ ಪಟ್ಟಿ ಹಿಂದಕ್ಕೆ ತಿರುಗಿಸಿದೆ. ಹದಿನೈದು, ಹದಿನಾಲ್ಕು, ಹದಿಮೂರು, ಹನ್ನೆರಡು. ಒತ್ತಿದೆ. ರಜಿಸ್ಟರಿನಲ್ಲಿ ಶುಕ್ರವಾರದ ಕೊನೆಯ ಸಂಖ್ಯೆಯ ಕೆಳಗೆ ಒಂದು 'ಅ' ಸೇರಿಸಿ ಸಾಲು ತುಂಬಿದೆ. ಒಂದು ನಿಮಿಷದ ಕೆಲಸ.

ಹನ್ನೊಂದಕ್ಕೆ ಟಪಾಲು ಬಂತು. ಅದರಲ್ಲಿ ಡಾಂಗ್ ಜಿಲ್ಲೆಯ ಆಹ್ವಾದಿಂದ ಅದೇ ಹುದ್ದೆಗೆ ಒಂದು ಅರ್ಜಿ ಇತ್ತು. ಆಹ್ವಾ ಕಾಡಿನ ಊರು, ಆದಿವಾಸಿಗಳ ಜಿಲ್ಲೆ. ಲಕೋಟೆಯ ಮೇಲೆ ಅಲ್ಲಿಯ ಶಿಕ್ಕಾ, ಜುಲೈ 9. ಆರು ದಿನ ದಾರಿಯಲ್ಲಿ. ಅವನು ಸಮಯಕ್ಕೇ ಹಾಕಿದ್ದ. ಆದರೆ ನಿಯಮದಲ್ಲಿ ಹಾಕಿದ ದಿನಕ್ಕೆ ಬೆಲೆಯಿಲ್ಲ, ತಲುಪಿದ ದಿನವೇ ಲೆಕ್ಕ. ನಾನು ಪಟ್ಟಿಯನ್ನು ಮುಂದಕ್ಕೆ ತಿರುಗಿಸಿ, ಹದಿನೈದು ಎಂದು ಸರಿಯಾದ ತಾರೀಖು ಒತ್ತಿ, ಅದನ್ನು 'ಅವಧಿ ಮೀರಿದವು' ಕಟ್ಟಿಗೆ ಸೇರಿಸಿದೆ. ಎರಡು ಕಾಗದಗಳ ಮೇಲೂ ಮಸಿ ಇನ್ನೂ ಹಸಿಯಾಗಿತ್ತು.

ನಮ್ಮ ಹುಡುಗ ಗಾಡಿ ಓಡಿಸುವ ಪರೀಕ್ಷೆಯಲ್ಲಿ ಹಿಂದಕ್ಕೆ ಒಯ್ಯುವಾಗ ಕಂಬಕ್ಕೆ ತಾಗಿಸಿ ನಪಾಸಾದ. ಹಾಗಾಗಿ ಯಾರಿಗೂ ಅನ್ಯಾಯವಾಗಲಿಲ್ಲ ಎಂದು ಬಹಳ ದಿನ ಹೇಳಿಕೊಂಡೆ. ಆಹ್ವಾದವನು ಆ ಕಂಬಕ್ಕೆ ತಾಗಿಸುತ್ತಿದ್ದನೋ ಇಲ್ಲವೋ, ಅದನ್ನು ತಿಳಿಯುವ ದಾರಿಯನ್ನು ಮುಚ್ಚಿದವನು ನಾನು. ಹೊಲಕ್ಕೆ ಹೋದ ಕಾಕಾರಿಗೆ ಮಳೆಯ ನೆವವಾದರೂ ಇತ್ತು. ನನಗೆ ಹೋಳಿಗೆ.

ಈ ನಡುವೆ ಕಾಯಿದೆಯೇ ಬದಲಾಯಿತು. 2023ರ ಜನವಿಶ್ವಾಸ ಕಾಯಿದೆ, ಸಣ್ಣಪುಟ್ಟದಕ್ಕೆಲ್ಲ ಜೈಲು ಬೇಡವೆಂದು ಅನೇಕ ಹಳೆಯ ಕಾಯಿದೆಗಳ ಶಿಕ್ಷೆಗಳನ್ನು ತೆಗೆಯಿತು ಅಥವಾ ಹಗುರ ಮಾಡಿತು. 1898ರ ಅಂಚೆ ಕಾಯಿದೆಯ ಅಪರಾಧಗಳ ಕಲಮುಗಳೆಲ್ಲ ಅದರಲ್ಲಿ ಹೋದವು. ಅದೇ ವರ್ಷದ ಡಿಸೆಂಬರಿನಲ್ಲಿ, 4ರಂದು ರಾಜ್ಯಸಭೆಯಲ್ಲಿ, 18ರಂದು ಲೋಕಸಭೆಯಲ್ಲಿ ಹೊಸ ಅಂಚೆ ಮಸೂದೆ ಪಾಸಾಯಿತು. 2024ರ ಜೂನ್ 18ರಿಂದ ಅದು ಜಾರಿಗೆ ಬಂದು, ನೂರಿಪ್ಪತ್ತೈದು ವರ್ಷದ ಹಳೆಯ ಕಾಯಿದೆ ರದ್ದಾಯಿತು. ಹೊಸದರಲ್ಲಿ ಕಪಟದ ಶಿಕ್ಕಾಕ್ಕೆ ಶಿಕ್ಷೆಯಿಲ್ಲ. ಬಳಕೆದಾರ ಹಣ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಅಷ್ಟು ಮಾತ್ರ ಇದೆ. ನೌಕರನು ಕಪಟದಿಂದ ಅಥವಾ ಬೇಕೆಂದು ನಷ್ಟ, ವಿಳಂಬ ಮಾಡಿದ್ದರೆ ಅವನಿಗೆ ಹೊಣೆಯಿಂದ ರಕ್ಷಣೆಯಿಲ್ಲ ಎಂಬ ಮಾತು ಉಳಿದಿದೆ. ಇಲಾಖೆಯ ಶಿಸ್ತಿನ ನಿಯಮಗಳಿವೆ, ಸಾಮಾನ್ಯ ದಂಡಸಂಹಿತೆಯಿದೆ ಎನ್ನಬಹುದು, ನಿಜ. ತಾರೀಖನ್ನು ಆರು ತಿಂಗಳು ಹಿಂದಕ್ಕೆ ಹಾಕಿ ಕ್ರಯಪತ್ರ ಬರೆದವನು ಫೋರ್ಜರಿ ಮಾಡಿದವನೆಂದು 1860ರ ದಂಡಸಂಹಿತೆಯಲ್ಲೇ ಉದಾಹರಣೆಯಿತ್ತು. ಆದರೆ ಕ್ರಯಪತ್ರದ ಆಸ್ತಿಯೆಂದರೆ ಪೊಲೀಸರು ಬರೆದುಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದ ಹುಡುಗನ ಲಕೋಟೆಗೆ?

ಹೊಸದಾಗಿ ಒಂದು ಶಿಕ್ಷೆಯ ಕಲಮು ತರಬೇಕೆಂದು ವಾದಿಸುವವರನ್ನು ನಾನು ಒಪ್ಪುತ್ತೇನೆ, ಆದರೆ ಪೂರ್ಣವಾಗಿ ಅಲ್ಲ. ಎರಡು ವರ್ಷದ ಜೈಲಿನ ಕಲಮು ನೂರು ವರ್ಷ ಇದ್ದೂ ನಮ್ಮೂರಿನ ಕಾಕಾರ ಕೈ ತಡೆಯಲಿಲ್ಲ. ಶಿಕ್ಷೆ ಅಷ್ಟು ದೊಡ್ಡದಾಗಿದ್ದರಿಂದಲೇ ನನ್ನ ಅಪ್ಪ ದೂರು ಕೊಡಗೊಡಲಿಲ್ಲ. ತಡಕ್ಕೆ ಶಿಕ್ಷೆ ಬೇಡ. ಸುಳ್ಳು ತಾರೀಖಿಗೆ ಇರಲಿ, ಪಗಾರದಲ್ಲಿ ತಟ್ಟುವಷ್ಟು, ಮನೆಯ ಒಲೆ ಆರಿಸದಷ್ಟು. ಅದಕ್ಕಿಂತ ಹೆಚ್ಚಾಗಿ, ನಿಜವಾದ ತಾರೀಖು ಇದು ಎಂದು ಬರೆದುಕೊಡುವ ಅಧಿಕಾರ ಯಾರಿಗಾದರೂ ಇರಲಿ, ಆ ಕಾಗದ ತೋರಿಸಿದವನನ್ನು ಮತ್ತೊಮ್ಮೆ ಸಂದರ್ಶನಕ್ಕೆ ಕರೆಯಲಿ. ಕಾಕಾ ಜೈಲಿಗೆ ಹೋಗಿದ್ದರೆ ನನ್ನ ಪ್ರಯೋಗಾಲಯ ಮರಳಿ ಬರುತ್ತಿರಲಿಲ್ಲ. ಅಮೆರಿಕದಲ್ಲಿ 2020ರ ಚುನಾವಣೆಯಲ್ಲಿ ಹಲವು ರಾಜ್ಯಗಳವರು ಮತದಾನದ ದಿನದೊಳಗಿನ ಶಿಕ್ಕಾ ಇದ್ದ ಮತಪತ್ರಗಳು ಆಮೇಲೆ ತಲುಪಿದರೂ ಎಣಿಸಿದರಂತೆ. ನಮ್ಮಲ್ಲಿ ಅಂಚೆಯ ಮತ ಎಣಿಕೆಗೆ ಮೊದಲು ತಲುಪಲೇಬೇಕು, ಶಿಕ್ಕಾ ಯಾವ ದಿನದ್ದಾದರೂ ಇರಲಿ. ಆಹ್ವಾದ ಲಕೋಟೆ ನೆನೆದಾಗ ಅಮೆರಿಕದ ಪದ್ಧತಿ ಸರಿಯೆನಿಸುತ್ತದೆ. ನಮ್ಮೂರಿನ ಲಕೋಟೆ ನೆನೆದರೆ ನಮ್ಮದೇ ಸರಿ.

ಈಗೆಲ್ಲ ಪಟ್ಟಿ ಗುರುತು, ಕಂಪ್ಯೂಟರು. 2025ರಲ್ಲಿ ರಿಜಿಸ್ಟರ್ ಟಪಾಲು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಇನ್ನು ಮೋಸವೆಲ್ಲಿ ಎಂದು ನನ್ನ ಮಗ ಕೇಳುತ್ತಾನೆ. ಮೊನ್ನೆ ಒಬ್ಬ ಖಾಸಗಿ ಕೊರಿಯರಿನವನಿಂದ 'ಬಾಗಿಲು ಹಾಕಿತ್ತು' ಎಂದು ಮೊಬೈಲಿಗೆ ಸಂದೇಶ ಬಂತು. ನಾನಾಗ ಮನೆಯ ಓಟಲೆಯ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದೆ.

ಹೊಸ ಕಾಯಿದೆ ಜಾರಿಗೆ ಬಂದ ಆ ಜೂನ್ ತಿಂಗಳಲ್ಲೇ ನಾನು ಊರಿಗೆ ಹೋಗಿದ್ದೆ, ಅಪ್ಪನ ವರ್ಷಾಂತಿಕಕ್ಕೆ. ಕಾಕಾ ಕೋಲೂರಿಕೊಂಡು ಬಂದರು. ಕಣ್ಣು ಮಂಜಾಗಿದೆ. ಅಪ್ಪನ ಫೋಟೋಕ್ಕೆ ಕೈಮುಗಿದು ಕಟ್ಟೆಯ ಮೇಲೆ ಕುಳಿತರು. ಈ ಸಲ ಲಕೋಟೆ ತಂದಿದ್ದೆ; ಒಳಗೆ ಚೀಲದಲ್ಲಿತ್ತು. ತೋರಿಸಬೇಕೋ ಬೇಡವೋ ಎಂದು ರೈಲಿನಲ್ಲಿ ಒಂದು ರಾತ್ರಿಯೆಲ್ಲ ಯೋಚಿಸಿದ್ದೆ.

"ಗುಜರಾತದಾಗ ಯಾವ ಖಾತೇದಾಗ ಅದಿಯಪಾ?" ಎಂದು ಕೇಳಿದರು.

"ಆವಕ-ಜಾವಕ ನೋಡತೀನಿ ಕಾಕಾ. ಕಾಗದ ಬಂದ್ರ ತಾರೀಖ ಹೊಡೀತೀನಿ."

ಕಾಕಾ ಬೊಚ್ಚು ಬಾಯಿ ತೆರೆದು ನಕ್ಕರು. "ಅಂದ್ರ ನಂದ ಕೆಲಸ ಅನ್ನು" ಎಂದರು.

ಒಳಗಿನಿಂದ ಚಹಾ ಬಂತು. ಬಸಿಯಲ್ಲಿ ಹಾಕಿ ಆರಿಸಿ ಕೊಟ್ಟೆ.